ಎರೆ ಹೊಲಕ್ಕೆ ಯಾವ ಎಂಜಿನ್? ಪೆಟ್ರೋಲು, ಡೀಸೆಲ್ ಮತ್ತು ಅಣ್ಣಿಗೇರಿಯ ಟ್ರ್ಯಾಕ್ಟರ್

ಅಣ್ಣಿಗೇರಿಯ ಕಡೆ ಯಾರಾದರೂ ಹೊಸ ಟ್ರ್ಯಾಕ್ಟರ್ ತಂದರೆ, ಪೂಜೆಯ ಕಾಯಿ ಒಡೆಯುವ ಮೊದಲೇ ಸುತ್ತ ನೆರೆದವರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ‘ಎಷ್ಟ್ ಎಚ್.ಪಿ. ಐತ್ರಿ?’ ಇನ್ನೊಂದು, ‘ತಾಸಿಗೆ ಎಷ್ಟ್ ಎಣ್ಣಿ ಕುಡಿತೈತ್ರಿ?’ ಆ ಎಣ್ಣೆ ಪೆಟ್ರೋಲೋ ಡೀಸೆಲ್ಲೋ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಟ್ರ್ಯಾಕ್ಟರ್ ಎಂದರೆ ಡೀಸೆಲ್ ಎಂದೇ ಎಲ್ಲರ ತಿಳುವಳಿಕೆ.

ಆದರೆ ಟ್ರ್ಯಾಕ್ಟರ್ ಹುಟ್ಟಿದ್ದು ಪೆಟ್ರೋಲಿನಿಂದ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಬಹುಪಾಲು ಟ್ರ್ಯಾಕ್ಟರುಗಳು ಪೆಟ್ರೋಲು ಇಲ್ಲವೆ ಸೀಮೆಎಣ್ಣೆಯ ಮೇಲೆಯೇ ಓಡಿದವು. ಹಾಗಿದ್ದರೆ ನಮ್ಮ ಹೊಲಕ್ಕೆ ಡೀಸೆಲ್ಲೇ ಬಂದದ್ದು ಹೇಗೆ? ಆ ಆಯ್ಕೆಯನ್ನು ಮಾಡಿದವರು ಯಾರು? ಆಯ್ಕೆ ಮುಗಿದ ಮೇಲೆ ರೈತನ ಕೈಯಲ್ಲಿ ಉಳಿದದ್ದೇನು? ಸಾಲ ಮಾಡಿ ಯಂತ್ರ ಕೊಳ್ಳುವವನಿಗೆ ಈ ಇತಿಹಾಸ ಕೇವಲ ಕುತೂಹಲದ ವಿಷಯವಲ್ಲ.

ಮೊದಲು ನೆಲದ ಮಾತು. ಪಂಪನ ನೆನಪಿನ ಊರು, ಅಮೃತೇಶ್ವರ ದೇವಾಲಯದ ಊರು ಎಂದು ಹೆಸರಾದ ಅಣ್ಣಿಗೇರಿ ಹುಬ್ಬಳ್ಳಿ–ಗದಗ ರೈಲು ಮಾರ್ಗದಲ್ಲಿದೆ. ಬಹುಕಾಲ ನವಲಗುಂದ ತಾಲ್ಲೂಕಿಗೆ ಸೇರಿದ್ದ ಇದು ಈಗ ತಾನೇ ತಾಲ್ಲೂಕು ಕೇಂದ್ರ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರೆ ಭೂಮಿ. ಹೆಸರು, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಕಡಲೆ, ಬಿಳಿಜೋಳ, ಗೋಧಿ, ಕುಸುಬೆ ಇಲ್ಲಿಯ ಬೆಳೆಗಳು. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಈ ಮಣ್ಣಿನಲ್ಲಿ ಜೇಡಿಯ ಅಂಶ ಬಹಳ. ನೀರು ಕುಡಿದಾಗ ಉಬ್ಬಿ ಕಾಲಿಗೆ ಹತ್ತುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಅಗಲವಾಗಿ ಬಿರಿದು, ಹೆಂಟೆ ಕಲ್ಲಾಗುತ್ತದೆ. ಇವೆರಡರ ನಡುವೆ, ರಂಟೆ ಹೂಡಬಹುದಾದ ಕೆಲವೇ ದಿನಗಳ ‘ಹದ’ ಇರುತ್ತದೆ. ಆ ಹದ ಯಾರಿಗೂ ಕಾಯುವುದಿಲ್ಲ.

ಈ ನೆಲವನ್ನು ಆಳವಾಗಿ ಉಳುವುದು ಭಾರಿ ಎಳೆತದ ಕೆಲಸ. ಕರಿಕೆ ಬೇರು ಬಿಟ್ಟ ಹೊಲವಾದರಂತೂ ಒಂದು ಜೋಡಿ ಎತ್ತಿಗೆ ಆಗದ ಮಾತು. ಎರಡು, ಮೂರು ಜೋಡಿ ಹೂಡಬೇಕಾಗುತ್ತಿತ್ತು. ಆದ್ದರಿಂದಲೇ ನಮ್ಮ ಹಿರಿಯರು ಮನೆತನದ ಶಕ್ತಿಯನ್ನು ‘ಎರಡೆತ್ತಿನ ಕಮತ’, ‘ನಾಲ್ಕೆತ್ತಿನ ಕಮತ’ ಎಂದು ಅಳೆದರು. ಇದು ಎಚ್.ಪಿ. ಲೆಕ್ಕಕ್ಕಿಂತ ಹಳೆಯದಾದ, ನಮ್ಮದೇ ಆದ ಶಕ್ತಿಯ ಅಳತೆ. ಒಂದು ಜೋಡಿ ಒಳ್ಳೆಯ ಎತ್ತು ದಿನವಿಡೀ ಕೊಡಬಲ್ಲ ಶಕ್ತಿ ಸರಿಸುಮಾರು ಒಂದು ಎಚ್.ಪಿ. ಮಾತ್ರ.

ಎಳೆಯುವ ಶಕ್ತಿಗಿಂತ ಮೊದಲು ಬದಲಾದದ್ದು ನೇಗಿಲು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ಮಣ್ಣಿಗೆ ವಿಷವೆಂದು ಹೆದರಿ ರೈತರು ಮೊದಮೊದಲು ಅದನ್ನು ಮುಟ್ಟಲಿಲ್ಲವೆಂಬ ಕಥೆ ಪ್ರಸಿದ್ಧವಾಗಿದೆ. ಹೆದರಿಕೆ ಹೋಗಿ ಕಬ್ಬಿಣದ ನೇಗಿಲು ಹೊಲಕ್ಕೆ ಇಳಿದ ಮೇಲೆ ಆಳದ ಉಳುಮೆಯ ಲಾಭ ಕಂಡಿತು. ಜೊತೆಗೆ ಎತ್ತುಗಳ ಶಕ್ತಿಯ ಮಿತಿಯೂ ಕಂಡಿತು.

ಇದೇ ಕಾಲಕ್ಕೆ ದೂರದ ಅಮೆರಿಕದಲ್ಲಿ ಕುದುರೆಯ ಬದಲು ಎಂಜಿನ್ ಹೂಡುವ ಪ್ರಯತ್ನ ನಡೆದಿತ್ತು. 1892ರಲ್ಲಿ ಅಯೋವಾ ರಾಜ್ಯದ ಜಾನ್ ಫ್ರೋಲಿಕ್ ಎಂಬುವರು ಮುಂದಕ್ಕೂ ಹಿಂದಕ್ಕೂ ಚಲಿಸಬಲ್ಲ ಪೆಟ್ರೋಲ್ ಟ್ರ್ಯಾಕ್ಟರನ್ನು ಸಿದ್ಧಪಡಿಸಿದರು. 1917ರಲ್ಲಿ ಹೆನ್ರಿ ಫೋರ್ಡರ ಫೋರ್ಡ್‌ಸನ್ ಬಂದ ಮೇಲೆ ಟ್ರ್ಯಾಕ್ಟರ್ ಸಾಮಾನ್ಯ ರೈತನ ಕೈಗೆ ಎಟುಕಿತು. ಇದನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಕಾದ ನಂತರ ಸೀಮೆಎಣ್ಣೆಗೆ, ಅಂದರೆ ನಮ್ಮ ಕಡೆಯ ಚಿಮಣಿ ಎಣ್ಣೆಗೆ, ಬದಲಾಯಿಸುತ್ತಿದ್ದರು. ಚಿಮಣಿ ಎಣ್ಣೆ ಅಗ್ಗ ನಿಜ. ಆದರೆ ಪೂರ್ತಿ ಉರಿಯದೆ ಉಳಿದ ಎಣ್ಣೆ ಸಿಲಿಂಡರಿನಿಂದ ಕೆಳಗಿಳಿದು ಎಂಜಿನ್ ಆಯಿಲ್ಲಿನಲ್ಲಿ ಬೆರೆತು ಅದನ್ನು ತೆಳುವಾಗಿಸುತ್ತಿತ್ತು. ಬೇರಿಂಗುಗಳು ಬೇಗ ಸವೆಯುತ್ತಿದ್ದವು. ಎಣ್ಣೆಯಲ್ಲಿ ಉಳಿಸಿದ ದುಡ್ಡು ರಿಪೇರಿಗೆ ಹೋಗುತ್ತಿತ್ತು.

ಡೀಸೆಲ್ ಎಂಜಿನಿನ ಹುಟ್ಟೂ ಆ ಕಾಲದ್ದೇ. ಜರ್ಮನಿಯ ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ತಮ್ಮ ಎಂಜಿನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದರು. ಇಂಧನದ ಶಾಖದಲ್ಲಿ 100ಕ್ಕೆ 26 ಪಾಲನ್ನು ಅದು ಕೆಲಸವಾಗಿ ಮಾರ್ಪಡಿಸಿತು. ಅಂದಿನ ಉಗಿ ಯಂತ್ರಗಳು ಇದರ ಅರ್ಧವನ್ನೂ ಮುಟ್ಟುವುದು ಕಷ್ಟವಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೇ ಒಂದು ಎಂಜಿನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು ಎಂಬುದು ಶೇಂಗಾ ಬೆಳೆಯುವ ನಾಡಿನವರಾದ ನಮಗೆ ಸ್ವಾರಸ್ಯಕರ ಸಂಗತಿ.

ಎರಡು ಎಂಜಿನುಗಳ ವ್ಯತ್ಯಾಸ ಸರಳವಾದದ್ದು. ಪೆಟ್ರೋಲ್ ಎಂಜಿನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಆವಿ ಕಾರ್ಬ್ಯುರೇಟರಿನಲ್ಲಿ ಬೆರೆತು ಸಿಲಿಂಡರಿಗೆ ಬರುತ್ತವೆ. ಪ್ಲಗ್ಗಿನ ಕಿಡಿ ಅದಕ್ಕೆ ಬೆಂಕಿ ಹಚ್ಚುತ್ತದೆ. ಡೀಸೆಲ್ ಎಂಜಿನಿನಲ್ಲಿ ಪ್ಲಗ್ಗೂ ಇಲ್ಲ, ಕಿಡಿಯೂ ಇಲ್ಲ. ಬರಿಯ ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ. ಆ ಗಾಳಿಯೊಳಗೆ ಪಂಪಿನ ಒತ್ತಡದಿಂದ ಡೀಸೆಲ್ಲನ್ನು ಸಿಂಪಡಿಸಿದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡ ತಾಳಬೇಕಾದರೆ ಎಂಜಿನಿನ ಮೈ ದಪ್ಪವಾಗಿರಬೇಕು. ಪಂಪು ಮತ್ತು ನಾಝಲ್ ಅತಿ ನಿಖರವಾಗಿರಬೇಕು. ಹೀಗಾಗಿ ಡೀಸೆಲ್ ಎಂಜಿನ್ ಭಾರವೂ ಹೌದು, ದುಬಾರಿಯೂ ಹೌದು.

ಈ ಕಾರಣಕ್ಕಾಗಿಯೇ ಡೀಸೆಲ್ ಬಹುಕಾಲ ಹಡಗು, ಗಿರಣಿಗಳಲ್ಲಿ ಉಳಿಯಿತು. 1920ರ ದಶಕದಲ್ಲಿ ಜರ್ಮನಿಯಲ್ಲಿ ಕೆಲವು ಡೀಸೆಲ್ ಟ್ರ್ಯಾಕ್ಟರುಗಳು ಬಂದವು. 1927ರಲ್ಲಿ ಬಾಷ್ ಕಂಪನಿ ಇಂಧನ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ದಾರಿ ಸುಗಮವಾಯಿತು. 1931ರಲ್ಲಿ ಅಮೆರಿಕದ ಕ್ಯಾಟರ್ಪಿಲ್ಲರ್ ಡೀಸೆಲ್ ಟ್ರ್ಯಾಕ್ಟರ್ ಹೊರತಂದಿತು. ಆದರೆ ಸಣ್ಣ ರೈತನ ಟ್ರ್ಯಾಕ್ಟರಿಗೆ ಡೀಸೆಲ್ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಇಂಗ್ಲೆಂಡಿನ ಪ್ರಸಿದ್ಧ ಬೂದುಬಣ್ಣದ ಫರ್ಗ್ಯೂಸನ್ 1946ರಲ್ಲಿ ಪೆಟ್ರೋಲಿನೊಡನೆ ಹುಟ್ಟಿ, 1949ರಲ್ಲಿ ಸೀಮೆಎಣ್ಣೆಗೆ, 1951ರಲ್ಲಿ ಡೀಸೆಲ್ಲಿಗೆ ಒಗ್ಗಿತು. ಅದೇ 1951ರ ಕೊನೆಗೆ ಬಂದ ಹೊಸ ಫೋರ್ಡ್‌ಸನ್ ಮೇಜರ್, ಒಂದೇ ಮೂಲ ವಿನ್ಯಾಸದ ಎಂಜಿನನ್ನು ಮೂರೂ ಇಂಧನಗಳಿಗೆ ಒದಗಿಸಿತು. ಮೂರನ್ನೂ ಎದುರಿಗಿಟ್ಟಾಗ ರೈತರು ಹೆಚ್ಚಾಗಿ ಆರಿಸಿದ್ದು ಡೀಸೆಲ್ಲನ್ನೇ.

ಕಾರಣ ಸ್ಪಷ್ಟ. ಅಮೆರಿಕದ ನೆಬ್ರಾಸ್ಕದಲ್ಲಿ 1920ರಿಂದ ಪ್ರತಿ ಹೊಸ ಟ್ರ್ಯಾಕ್ಟರನ್ನೂ ಸರ್ಕಾರಿ ಪರೀಕ್ಷೆಗೆ ಒಡ್ಡುವ ಪದ್ಧತಿ ಇತ್ತು. 1950ರ ದಶಕದ ಹೊತ್ತಿಗೆ ಅಲ್ಲಿಯ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ಪೆಟ್ರೋಲಿನಿಂದ ಒಳ್ಳೆಯ ಎಂಜಿನ್ ಒಂದು ಎಚ್.ಪಿ. ಶಕ್ತಿಯನ್ನು ಸುಮಾರು ಹತ್ತು–ಹನ್ನೆರಡು ತಾಸು ಕೊಟ್ಟರೆ, ಅಷ್ಟೇ ಡೀಸೆಲ್ ಹದಿನಾಲ್ಕು–ಹದಿನಾರು ತಾಸು ಕೊಡುತ್ತಿತ್ತು. ಡೀಸೆಲ್ ದಟ್ಟವಾದ ಎಣ್ಣೆಯಾದ್ದರಿಂದ ಲೀಟರಿಗೆ ಹತ್ತರಲ್ಲೊಂದು ಪಾಲು ಹೆಚ್ಚು ಶಾಖ ಅದರಲ್ಲಿದೆ. ಉಳಿದ ಲಾಭ ಹೆಚ್ಚಿನ ಒತ್ತಡದಿಂದ ಬಂದದ್ದು.

ಹಾಗಿದ್ದರೂ ಅಮೆರಿಕದ ರೈತರು 1960ರ ದಶಕದವರೆಗೂ ಪೆಟ್ರೋಲ್ ಟ್ರ್ಯಾಕ್ಟರನ್ನು ಬಿಡಲಿಲ್ಲ. ಅವರೇನು ಲೆಕ್ಕ ತಪ್ಪಿದವರಲ್ಲ. ಅಲ್ಲಿ ಪೆಟ್ರೋಲು ಅಗ್ಗ. ಹೊಲಕ್ಕೆ ಬಳಸಿದ ಪೆಟ್ರೋಲಿಗೆ ರಸ್ತೆ ತೆರಿಗೆಯ ವಿನಾಯಿತಿಯೂ ಇತ್ತು. ಮೇಲಾಗಿ ಹಿಮ ಬೀಳುವ ನಾಡಿನ ಬೆಳಗಿನ ಚಳಿಯಲ್ಲಿ ಡೀಸೆಲ್ ಎಂಜಿನ್ ಚಾಲೂ ಆಗಲು ಸತಾಯಿಸುತ್ತಿತ್ತು. ಅಣ್ಣಿಗೇರಿಯ ಪರಿಸ್ಥಿತಿ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಚಳಿಯ ಕಾಟವಿಲ್ಲ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಪೆಟ್ರೋಲು ಆವಿಯಾಗಿ ಹಾರುತ್ತದೆ. ಕಣಕಿ, ಹೊಟ್ಟಿನ ಬಣವೆ ಇರುವ ಹಿತ್ತಲಿನಲ್ಲಿ ಅದನ್ನು ಕ್ಯಾನಿನಲ್ಲಿ ಇಡುವುದು ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡಂತೆ. ಎಲ್ಲಕ್ಕಿಂತ ಮಿಗಿಲಾಗಿ, ಎರೆ ಹೊಲದ ಉಳುಮೆ ಎಂದರೆ ನಿಧಾನವಾದ, ಬಿಡುವಿಲ್ಲದ, ಭಾರಿ ಎಳೆತ. ಕಡಿಮೆ ಸುತ್ತಿನಲ್ಲೂ ದಮ್ಮು ಬಿಡದ ಗುಣ ಡೀಸೆಲ್ಲಿನದು. ಹೀಗೆ ನೆಲ, ಹವೆ ಎರಡೂ ಡೀಸೆಲ್ಲಿನ ಪರವಾಗಿಯೇ ಇದ್ದವು.

ಆದರೆ ನಿಜವಾದ ತೀರ್ಪು ಬಂದದ್ದು ಹೊಲದಿಂದಲ್ಲ, ಸರ್ಕಾರದ ತೆರಿಗೆ ನೀತಿಯಿಂದ ಮತ್ತು ಕಾರ್ಖಾನೆಯಿಂದ. ಸ್ವತಂತ್ರ ಭಾರತದಲ್ಲಿ ಪೆಟ್ರೋಲನ್ನು ಕಾರು ಇದ್ದವರ ಇಂಧನವೆಂದು ಭಾವಿಸಿ ಅದರ ಮೇಲೆ ಹೆಚ್ಚು ತೆರಿಗೆ ಹಾಕಲಾಯಿತು. ಲಾರಿ, ಬಸ್ಸು, ನೀರೆತ್ತುವ ಎಂಜಿನುಗಳ ಇಂಧನವಾದ ಡೀಸೆಲ್ಲನ್ನು ದಶಕಗಳ ಕಾಲ ಅಗ್ಗವಾಗಿ ಇಡಲಾಯಿತು. 1949ರಲ್ಲಿ ವಿಶ್ವಬ್ಯಾಂಕು ಭಾರತಕ್ಕೆ ಕೃಷಿ ಯಂತ್ರಗಳಿಗೆಂದೇ ಒಂದು ಕೋಟಿ ಡಾಲರ್ ಸಾಲ ಕೊಟ್ಟಿತು. ಮಧ್ಯ ಭಾರತದ ಕಪ್ಪು ನೆಲದಲ್ಲಿ ಹಬ್ಬಿದ್ದ ಕಾನ್ಸ್ ಎಂಬ ಹುಲ್ಲನ್ನು ಕಿತ್ತು ಹೊಲ ಮಾಡುವುದು ಅದರ ಉದ್ದೇಶ. ನಮ್ಮ ಕರಿಕೆಯಂತೆಯೇ ಆಳಕ್ಕೆ ಇಳಿಯುವ ಕಳೆ ಅದು. ಕೇಂದ್ರೀಯ ಟ್ರ್ಯಾಕ್ಟರ್ ಸಂಘಟನೆಯ ಪಟ್ಟಾಗಾಲಿಯ ಭಾರಿ ಟ್ರ್ಯಾಕ್ಟರುಗಳು ಆ ಕೆಲಸ ಮಾಡಿದವು.

1951ರಲ್ಲಿ ದೇಶದಲ್ಲಿದ್ದ ಟ್ರ್ಯಾಕ್ಟರುಗಳು ಸುಮಾರು 8,500. 1961ರಲ್ಲಿ ಸುಮಾರು 31,000. ಬಹುತೇಕ ಎಲ್ಲವೂ ಹೊರದೇಶದವು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರ್ ತಯಾರಾಯಿತು. ಅದು ಗಾಳಿಯಿಂದ ತಂಪಾಗುವ ಡೀಸೆಲ್ ಎಂಜಿನಿನದು. ಅನಂತರ ಮದ್ರಾಸಿನ ಟ್ಯಾಫೆ, ಎಸ್ಕಾರ್ಟ್ಸ್, ಮಹೀಂದ್ರ ಪಾಲುಗಾರಿಕೆಯ ಇಂಟರ್‌ನ್ಯಾಷನಲ್, ಪಂಜಾಬಿನ ಸ್ವರಾಜ್ ಒಂದರ ಹಿಂದೆ ಒಂದು ಬಂದವು. ಬೆಂಗಳೂರಿನಲ್ಲಿ ಕೈಗಡಿಯಾರ, ಯಂತ್ರೋಪಕರಣಗಳಿಂದ ಮನೆಮಾತಾದ ಎಚ್.ಎಂ.ಟಿ. ಸಂಸ್ಥೆಯೂ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಝೆಕೊಸ್ಲೊವಾಕಿಯಾದ ಝೀಟರ್ ಮಾದರಿಯ ಟ್ರ್ಯಾಕ್ಟರ್ ತಯಾರಿಸತೊಡಗಿತು. ಈ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಇವೆಲ್ಲವೂ ಡೀಸೆಲ್ಲೇ. ಹೀಗೆ ನಮ್ಮ ರೈತ ಟ್ರ್ಯಾಕ್ಟರ್ ಕೊಳ್ಳುವ ಸ್ಥಿತಿಗೆ ಬರುವ ಹೊತ್ತಿಗೆ, ಯಾವ ಎಂಜಿನ್ ಎಂಬ ಪ್ರಶ್ನೆಗೆ ಬೇರೆಯವರು ಉತ್ತರ ಬರೆದು ಮುಗಿಸಿದ್ದರು.

ಆ ಉತ್ತರ ತಪ್ಪಾಗಿರಲಿಲ್ಲ. ಆದರೆ ಅದರೊಳಗೊಂದು ಷರತ್ತು ಅಡಗಿತ್ತು. ಡೀಸೆಲ್ ಎಂಜಿನ್ ‘ಮೊದಲು ಹೆಚ್ಚು ಕೊಡು, ಆಮೇಲೆ ತಾಸಿಗೆ ಇಷ್ಟಿಷ್ಟು ಉಳಿಸಿಕೋ’ ಎನ್ನುವ ಯಂತ್ರ. ಉಳಿತಾಯ ಬರುವುದು ತಾಸಿನ ಲೆಕ್ಕದಲ್ಲಿ. ಓಡದ ತಾಸಿಗೆ ಉಳಿತಾಯವಿಲ್ಲ. ತಿಳಿಯಲೆಂದು ಒಂದು ಲೆಕ್ಕ ಹಿಡಿಯೋಣ. ಒಂದು ಕೆಲಸಕ್ಕೆ ತಾಸಿಗೆ 4 ಲೀಟರ್ ಡೀಸೆಲ್ ಬೇಕಾದರೆ, ಅದೇ ಕೆಲಸಕ್ಕೆ ಹಳೆಯ ಪೆಟ್ರೋಲ್ ಟ್ರ್ಯಾಕ್ಟರಿಗೆ ಸುಮಾರು ಐದೂವರೆ ಲೀಟರ್ ಬೇಕು. ತಾಸಿಗೆ ಒಂದೂವರೆ ಲೀಟರ್ ಉಳಿಯಿತು. ವರ್ಷಕ್ಕೆ ಸಾವಿರ ತಾಸು ಓಡಿಸಿದವನಿಗೆ 1,500 ಲೀಟರ್ ಉಳಿಯುತ್ತದೆ. ಇನ್ನೂರು ತಾಸು ಓಡಿಸಿದವನಿಗೆ ಉಳಿಯುವುದು 300 ಲೀಟರ್ ಮಾತ್ರ. ಟ್ರ್ಯಾಕ್ಟರಿನ ಬೆಲೆಯೂ ಸಾಲದ ಬಡ್ಡಿಯೂ ಮಾತ್ರ ಇಬ್ಬರಿಗೂ ಒಂದೇ. ವರ್ಷಕ್ಕೆ ಸಾವಿರ ತಾಸು, ಹತ್ತು ವರ್ಷದ ಬಾಳಿಕೆ ಎಂಬುದು ಟ್ರ್ಯಾಕ್ಟರಿನ ಖರ್ಚು ಲೆಕ್ಕ ಹಾಕುವವರು ಸಾಮಾನ್ಯವಾಗಿ ಹಿಡಿಯುವ ಅಂದಾಜು. ಎಂಟು, ಹತ್ತು ಎಕರೆ ಒಣ ಬೇಸಾಯದ ಹೊಲದಲ್ಲಿ ಅಷ್ಟು ತಾಸು ಕೆಲಸ ಎಲ್ಲಿಂದ ಬರಬೇಕು?

ಇಲ್ಲಿಯೇ ಎರೆ ನೆಲದ ತೊಡಕು ಮತ್ತೆ ಎದುರಾಗುತ್ತದೆ. ನೆಲ ಬಿಗಿಯಾದ್ದರಿಂದ ಡೀಸೆಲ್ ಟ್ರ್ಯಾಕ್ಟರ್ ಬೇಕೇ ಬೇಕು. ಆದರೆ ಹದ ಕೆಲವೇ ದಿನದ್ದಾದ್ದರಿಂದ ಅದಕ್ಕೆ ಸಿಗುವ ಕೆಲಸದ ತಾಸುಗಳೂ ಕೆಲವೇ. ಹೆಸರು ಕೊಯ್ದು, ಹಿಂಗಾರಿ ಕಡಲೆ ಜೋಳಗಳಿಗೆ ಹೊಲ ಹಸನು ಮಾಡುವ ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ಇಡೀ ಊರಿಗೆ ಒಮ್ಮೆಗೇ ಟ್ರ್ಯಾಕ್ಟರ್ ಬೇಕು. ಬಾಡಿಗೆಗೆ ಕಾಯುತ್ತ ಕುಳಿತವನ ಹೊಲದ ಹದ ಹಾರುತ್ತದೆ. ಸ್ವಂತ ಕೊಂಡವನ ಟ್ರ್ಯಾಕ್ಟರ್ ಉಳಿದ ತಿಂಗಳಲ್ಲಿ ಬೇವಿನ ಮರದ ಕೆಳಗೆ ನಿಂತು ಬಡ್ಡಿ ಬೆಳೆಸುತ್ತದೆ. ಟ್ರ್ಯಾಕ್ಟರ್ ಇದ್ದವರು ಟ್ರೇಲರ್ ಹೂಡಿ ಹುಬ್ಬಳ್ಳಿ, ಗದಗಿನ ಮಾರುಕಟ್ಟೆಗೆ ಹತ್ತಿ, ಉಳ್ಳಾಗಡ್ಡಿ ಸಾಗಿಸುವುದು, ಮಣ್ಣು, ಇಟ್ಟಿಗೆ ಹೇರುವುದು ಸುಮ್ಮನೆ ಅಲ್ಲ. ಅದು ಕೊರತೆಯಾದ ತಾಸುಗಳನ್ನು ತುಂಬುವ ಪ್ರಯತ್ನ.

ಮೊದಲು ಹಣ ಕೊಟ್ಟು ಫಲಕ್ಕಾಗಿ ಕಾಯುವ ಸಂಕಟ ಈ ಭಾಗಕ್ಕೆ ಹೊಸದಲ್ಲ. 1970ರ ದಶಕದಲ್ಲಿ ಮಲಪ್ರಭಾ ಕಾಲುವೆಗಳು ಬಂದಾಗ ನೀರಿನ ಕರ, ಅಭಿವೃದ್ಧಿ ಕರಗಳ ಹೊರೆ ಬಂದಷ್ಟು ಬೇಗ ಫಲ ಬರಲಿಲ್ಲವೆಂಬ ಸಿಟ್ಟು ಬೆಳೆಯಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ನಡೆದು ಜೀವಹಾನಿಯಾಯಿತು. ಕರ್ನಾಟಕದ ರೈತ ಚಳವಳಿಗೆ ಅದು ದೊಡ್ಡ ತಿರುವಾಯಿತು. ನೀರಾಗಲಿ ಯಂತ್ರವಾಗಲಿ, ಹೊರೆ ಇಂದು ಬಂದು ಫಲ ನಾಳೆ ಬರುವುದಾದರೆ, ನಡುವಿನ ಕಾಲವನ್ನು ದಾಟುವ ಶಕ್ತಿ ರೈತನಿಗೆ ಇದೆಯೇ ಎಂದು ನೋಡಬೇಕೆಂಬುದು ಆ ನೆನಪು ಹೇಳುವ ಪಾಠ.

ಡೀಸೆಲ್ಲಿಗೆ ಇದ್ದ ಬೆಲೆಯ ಆಸರೆಯೂ ಈಗ ಹಿಂದಿನಂತಿಲ್ಲ. 2013ರ ಜನವರಿಯಿಂದ ಅದರ ಬೆಲೆಯನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ಏರಿಸುತ್ತ ಬಂದು, 2014ರ ಅಕ್ಟೋಬರಿನಲ್ಲಿ ಸರ್ಕಾರದ ನಿಯಂತ್ರಣದಿಂದ ಪೂರ್ತಿ ಬಿಡಲಾಯಿತು. ಪೆಟ್ರೋಲು–ಡೀಸೆಲ್ ಬೆಲೆಗಳ ನಡುವಿನ ದೊಡ್ಡ ಅಂತರ ಕರಗಿತು. ಉಳಿದದ್ದು ಎಂಜಿನಿನ ಸ್ವಂತ ಗುಣದಿಂದ ಬರುವ ಉಳಿತಾಯ ಮಾತ್ರ. ಇದನ್ನರಿತೇ ರಾಜ್ಯ ಸರ್ಕಾರ 2022–23ರ ಬಜೆಟ್ಟಿನಲ್ಲಿ ‘ರೈತ ಶಕ್ತಿ’ ಯೋಜನೆಯಡಿ ಡೀಸೆಲ್ಲಿಗಾಗಿ ಎಕರೆಗೆ 250 ರೂಪಾಯಿಯಂತೆ ಐದು ಎಕರೆಯವರೆಗೆ ಸಹಾಯಧನ ಘೋಷಿಸಿತು. ಅದಕ್ಕೂ ಮೊದಲು, 2014–15ರಲ್ಲಿ, ಬಾಡಿಗೆಗೆ ಯಂತ್ರ ಒದಗಿಸುವ ‘ಕೃಷಿ ಯಂತ್ರಧಾರೆ’ ಕೇಂದ್ರಗಳನ್ನು ಆರಂಭಿಸಲಾಗಿತ್ತು. ಒಂದೇ ಯಂತ್ರಕ್ಕೆ ಹಲವು ಹೊಲಗಳ ತಾಸು ಕೂಡಿಸುವುದೇ ಅದರ ತಿರುಳು. ಡೀಸೆಲ್ಲಿನ ಷರತ್ತಿಗೆ ತಕ್ಕ ಉತ್ತರವೂ ಅದೇ. ಹದದ ದಿನಗಳ ನೂಕುನುಗ್ಗಲು ಮಾತ್ರ ಅಲ್ಲಿಯೂ ತಪ್ಪಿದ್ದಲ್ಲ.

ಹಾಗಾದರೆ ಪೆಟ್ರೋಲು ಸೋತಿತೇ? ಟ್ರ್ಯಾಕ್ಟರಿನಲ್ಲಿ ಸೋತಿತು, ಹೊಲದಲ್ಲಿ ಸೋಲಲಿಲ್ಲ. ಬೆನ್ನಿಗೆ ಹೊತ್ತು ಹತ್ತಿಗೂ ಮೆಣಸಿನ ಗಿಡಕ್ಕೂ ಔಷಧ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಕಳೆ ತೆಗೆಯುವ ಸಣ್ಣ ಯಂತ್ರ ಬಹಳ ಕಡೆ ಪೆಟ್ರೋಲಿನವೇ. ಹೊರಲು ಹಗುರ, ಕೊಳ್ಳಲು ಅಗ್ಗ, ದಿನಕ್ಕೆ ಒಂದೆರಡು ತಾಸಿನ ಕೆಲಸ. ಅಲ್ಲಿ ಡೀಸೆಲ್ಲಿನ ಭಾರ ಹೊತ್ತು ಪ್ರಯೋಜನವಿಲ್ಲ. ಕಡಿಮೆ ತಾಸಿನ ಹಗುರ ಕೆಲಸಕ್ಕೆ ಪೆಟ್ರೋಲು, ಹೆಚ್ಚು ತಾಸಿನ ಭಾರಿ ಕೆಲಸಕ್ಕೆ ಡೀಸೆಲ್. ನೂರು ವರ್ಷಗಳ ಹೋಲಿಕೆಯ ಸಾರ ಇಷ್ಟೇ.

ಮುಂದೆ ವಿದ್ಯುತ್ ಟ್ರ್ಯಾಕ್ಟರ್, ಅನಿಲದ ಟ್ರ್ಯಾಕ್ಟರುಗಳ ಮಾತು ಬರುತ್ತಿದೆ. 2020–21ರಿಂದ ಅಂಥವು ನಮ್ಮ ದೇಶದಲ್ಲೂ ಕಾಣಿಸಿಕೊಂಡಿವೆ. ಅವು ಬಂದಾಗಲೂ ಎರೆ ಹೊಲದ ರೈತ ಕೇಳಬೇಕಾದ ಪ್ರಶ್ನೆಗಳು ಬದಲಾಗುವುದಿಲ್ಲ. ನನ್ನ ಹೊಲದಲ್ಲಿ ಇದಕ್ಕೆ ವರ್ಷಕ್ಕೆ ಎಷ್ಟು ತಾಸು ಕೆಲಸವಿದೆ? ಹದದ ದಿನ ಬಿಡುವಿಲ್ಲದೆ ಎಳೆದೀತೇ? ಕೆಟ್ಟರೆ ಅಣ್ಣಿಗೇರಿಯಲ್ಲೋ ಹುಬ್ಬಳ್ಳಿಯಲ್ಲೋ ಅಂದೇ ರಿಪೇರಿಯಾದೀತೇ? ಬಾಜೂ ಹೊಲದ ಅಣ್ಣತಮ್ಮಂದಿರು ಪಾಲು ಕೂಡಿದರೆ ತಾಸು ಕೂಡೀತೇ?

ಎಷ್ಟು ಎಚ್.ಪಿ., ಎಷ್ಟು ಎಣ್ಣೆ ಎಂದು ಕೇಳುವ ರೂಢಿ ಒಳ್ಳೆಯದೇ. ಅದರ ಜೊತೆಗೆ ‘ವರ್ಷಕ್ಕ ಎಷ್ಟ್ ತಾಸ್ ಓಡತೈತ್ರಿ?’ ಎಂಬ ಮೂರನೆಯ ಪ್ರಶ್ನೆಯೂ ಸೇರಬೇಕು. ಯಾವ ಎಂಜಿನ್ ಎಂಬುದನ್ನು ಬೇರೆಯವರು ಎಂದೋ ತೀರ್ಮಾನಿಸಿದ್ದಾರೆ. ಎಷ್ಟು ತಾಸು ಎಂಬ ತೀರ್ಮಾನ ಮಾತ್ರ ಇಂದಿಗೂ ರೈತನದೇ. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಮಾಡಿಕೊಳ್ಳುವುದು ಲೇಸು.